ಅಂಗಿ ತೊಟ್ಟ ಕೂಸೂ ಶ್ರಾವಣದ ಮಡಿಯೂ

ಪುಣೆಯಲ್ಲಿ ಮಳೆ ಹಿಡಿದ ಮುಂಜಾನೆ, ಎರಡು ವರ್ಷದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಮನೆಯಿಂದ ಹೊರಬಿದ್ದ ಗೃಹಸ್ಥ ಎಲ್ಲೆಲ್ಲಿ ನಿಲ್ಲಬಹುದು, ಎಲ್ಲೆಲ್ಲಿ ಕೂಡಬಹುದು, ಎಲ್ಲಿಂದ ಎಷ್ಟು ಹೊತ್ತಿಗೆ ಸಕಲ ಗೌರವಗಳೊಡನೆ ಹೊರಹಾಕಿಸಿಕೊಳ್ಳಬಹುದು ಎಂಬ ವಿಷಯದಲ್ಲಿ ನನಗಿದ್ದಷ್ಟು ಜ್ಞಾನ ಆ ಊರಿನಲ್ಲಿ ಇನ್ನೊಬ್ಬರಿಗೆ ಇತ್ತೆಂದು ನಾನು ನಂಬುವುದಿಲ್ಲ. ಈ ಜ್ಞಾನವನ್ನು ನಾನು ಬಯಸಿ ಪಡೆದದ್ದಲ್ಲ. ಮನೆಯಲ್ಲಿ ಇರಗೊಡಲಿಲ್ಲ, ಆದ್ದರಿಂದ ಬಂತು. ಅನೇಕ ಮಹಾತ್ಮರ ಜ್ಞಾನಕ್ಕೂ ಇದೇ ಮೂಲವಿರಬಹುದೆಂದು ನನಗೆ ಗುಮಾನಿಯಿದೆ.

ಇಂಗ್ರಜಿ ಆಳಿಕೆಯ ಕಡೆಗಾಲ. ಧಾರವಾಡವೂ ಪುಣೆಯೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಧಾರವಾಡದ ಹುಡುಗ ಪುಣೆಯ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗುವುದು ಆಗ ಸೂರ್ಯ ಮೂಡಿದಷ್ಟು ಸಹಜ. ನಾನೂ ಹಾಗೆ ಆದೆ. ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ನಮ್ಮ ಬಿಡಾರ. ವಾಡೆಯೆಂದರೆ ನಡುವೆ ಕಲ್ಲು ಹಾಸಿದ ಅಂಗಳ, ಅಂಗಳದಲ್ಲೊಂದು ಬಾವಿ, ಸುತ್ತಲೂ ಬಾಡಿಗೆಯ ಸಂಸಾರಗಳು, ಮುಂಭಾಗದಲ್ಲಿ ಮಾಲಕರು. ನಮಗೆ ಮಾಳಿಗೆಯ ಮೇಲೆ ಒಂದು ಕೋಣೆ, ಒಂದು ಅಡಿಗೆಮನೆ. ಅದರಲ್ಲಿ ನಾನು, ನನ್ನ ಹೆಂಡತಿ, ಮಗಳು.

ಮಗಳಿಗೆ ಆಗಷ್ಟೇ ಎರಡು ತುಂಬಿತ್ತು. ನಡಿಗೆ ಬಂದಿತ್ತು, ನಿಲ್ಲುವುದು ಬಂದಿರಲಿಲ್ಲ. ಮಾತೂ ಬಂದಿತ್ತು. ಮನೆಯೊಳಗೆ ಕನ್ನಡ, ಅಂಗಳದಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ. ಹೆಂಡತಿ ಅವಳಿಗೆ ಕೈಯಿಂದಲೇ ಹೊಲಿದ ಅಂಚಿಗೆ ನೆರಿಗೆಯ ಝಾಲರಿ ಇಟ್ಟ ಫ್ರಾಕುಗಳನ್ನು ತೊಡಿಸುತ್ತಿದ್ದಳು. ಪುಣೆಗೆ ಬಂದ ಮೇಲೆ ನಾವು ಪಡೆದ ನಾಗರಿಕತೆಯೆಲ್ಲ ಆ ಝಾಲರಿಯಲ್ಲಿತ್ತು.

ಆ ಶ್ರಾವಣದಲ್ಲಿ ಧಾರವಾಡದಿಂದ ನನ್ನ ಸೋದರತ್ತೆ ಬಂದಳು.

ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ತೌರಿಗೆ ಮರಳಿದ ಈಕೆ ನಮ್ಮ ಮನೆತನವನ್ನು ನಲವತ್ತು ವರ್ಷ ಆಳಿದ್ದಳು. ನನ್ನಪ್ಪ ಮನೆಯ ಯಜಮಾನನೆಂದು ಊರಿನಲ್ಲಿ ತಿಳಿದಿದ್ದರು. ಅಪ್ಪನಿಗೆ ಮಾತ್ರ ಹಾಗೆ ತಿಳಿದಿರಲಿಲ್ಲ. ಅತ್ತೆ ರೈಲಿನಿಂದ ಇಳಿದಾಗ ಅವಳೊಡನೆ ಅವಳದೇ ತಾಮ್ರದ ಕೊಡ, ಅವಳದೇ ತಂಬಿಗೆ, ಅವಳದೇ ಹುರಿಹಿಟ್ಟಿನ ಗಂಟು ಇಳಿದವು. ಮೆಟ್ಟಿಲು ಹತ್ತಿ ಬಂದು, ಕೋಣೆಯನ್ನು ಒಂದು ಸಲ, ಹೆಂಡತಿಯನ್ನು ಒಂದು ಸಲ, ಕೂಸಿನ ಝಾಲರಿಯನ್ನು ಎರಡು ಸಲ ನೋಡಿ ತನ್ನ ಪ್ರವಾಸದ ಉದ್ದೇಶವನ್ನು ಪ್ರಕಟಿಸಿದಳು.

"ಇಲ್ಲಿ ಮಡಿ-ಮೈಲಿಗಿ ನಡೀತದೋ ಇಲ್ಲೋ ನನ್ನ ಕಣ್ಣಿಲೆ ನೋಡ್ತೀನಿ. ನಡೀತದಂದ್ರ ಛಲೋ. ಇಲ್ಲಂದ್ರ ನಿನ್ನ ಹೆಂಡ್ತೀನ್ನೂ ಕೂಸಿನ್ನೂ ಧಾರವಾಡಕ್ಕ ಕರ್ಕೊಂಡು ಹೋಗ್ತೀನಿ. ನೀ ಖಾನಾವಳ್ಯಾಗ ಉಂಡು ನೌಕರಿ ಮಾಡು."

ಇದು ಬೆದರಿಕೆಯಲ್ಲ. ಅತ್ತೆ ಯಾರನ್ನೂ ಬೆದರಿಸಿದವಳಲ್ಲ. ಮುಂದೆ ಆಗುವುದನ್ನು ತಿಳಿಸುತ್ತಿದ್ದಳು, ಅಷ್ಟೆ.

ನನ್ನ ಹೆಂಡತಿ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಧಾರವಾಡದ ದೊಡ್ಡ ಮನೆಯಲ್ಲಿ ಅವಳು ಎಲ್ಲರಿಗಿಂತ ಕಿರಿಯ ಸೊಸೆ. ಅತ್ತೆ ಸ್ನಾನಕ್ಕೆ ಹೋದಾಗ ಪಿಸುದನಿಯಲ್ಲಿ ಹೇಳಿದಳು.

"ನಾ ಒಲ್ಲೆ ನೋಡ್ರಿ. ಅಲ್ಲಿ ಹಿರೇ ಸೊಸೆಂದ್ರಿಗೆ ಒಲಿ, ನನಗ ಬರೇ ಹೊಗಿ. ಇಲ್ಲಿ ಎರಡು ಖೋಲಿ ಇದ್ರೂ ನನ್ನವು."

"ಎರಡು ಎಲ್ಲಿ, ಒಂದೂವರಿ" ಎಂದೆ.

"ಅಷ್ಟs ಇರ್ಲಿ. ಅತ್ಯಾರು ನನ್ನ ಕೈಯಾಗಿನ ಅನ್ನ ಉಂಡು ತೃಪ್ತ ಆದ್ರ ಸಾಕು."

ಅತ್ತೆ ಬಂದಾಗಿನಿಂದ ಹುರಿಹಿಟ್ಟು, ಹಾಲು, ಬಾಳೆಹಣ್ಣುಗಳ ಮೇಲೆ ಇದ್ದಳು. ನಮ್ಮ ಅಡಿಗೆಮನೆ ಇನ್ನೂ ಅವಳ ಪರೀಕ್ಷೆಯಲ್ಲಿತ್ತು. ಈ ಪರೀಕ್ಷೆಗೆ ಮೊದಲ ವಿಘ್ನ ತಂದವಳು ನನ್ನ ಮಗಳು. ಬಂದ ಮರುದಿನವೇ ಅತ್ತೆ ಸ್ನಾನ ಮಾಡಿ ಮಡಿ ಉಟ್ಟು ಬರುತ್ತಿದ್ದಾಗ ಕೂಸು ಎರಡೂ ಕೈ ಚಾಚಿ ಅವಳತ್ತ ಓಡಿತು. ಅರವತ್ತು ದಾಟಿದ ಅತ್ತೆ ಹಿಂದಕ್ಕೆ ಜಿಗಿದದ್ದನ್ನು ನೋಡಿದ್ದರೆ ಯಾವ ತಾಲೀಮಿನ ಪೈಲವಾನನೂ ನಮಸ್ಕಾರ ಮಾಡುತ್ತಿದ್ದ. ಆದರೂ ತಡವಾಗಿತ್ತು.

"ಮುಟ್ಟಬ್ಯಾಡ, ಮುಟ್ಟಬ್ಯಾಡ ಅಂದ್ರ... ಆತು. ಮುಟ್ಟಿತು. ಮೈಲಿಗಿ."

ಮಡಿಯಲ್ಲಿದ್ದವರಿಗೆ ಮೈಲಿಗೆ ತಾಗಿದರೆ ಮತ್ತೆ ತಲೆಯ ಮೇಲೆ ನೀರು, ಮತ್ತೆ ಒಣಗಿದ ಮಡಿ ಸೀರೆ. ಶ್ರಾವಣದಲ್ಲಿ ನೀರಿಗೆ ಬರಗಾಲವಿಲ್ಲ, ಒಣಗಿದ ಸೀರೆಗೆ ಇದೆ. ಅಡಿಗೆಮನೆಯ ಮೇಲೆ ಕಟ್ಟಿದ ಗಳದಿಂದ ಸೀರೆಗಳು ದಿನಗಟ್ಟಲೆ ಹನಿ ಉದುರಿಸುತ್ತ ನೇತಾಡುತ್ತಿದ್ದವು. ರೇಷ್ಮೆ ಉಡಿರೆಂದರೆ ಅತ್ತೆಗೆ ಆಗದು. ರೇಷ್ಮೆಯ ಮಡಿ ಸೋಮಾರಿಗಳ ಮಡಿ ಎಂದು ಅವಳ ಸಿದ್ಧಾಂತ. ಹೀಗಾಗಿ ನಾನೂ ಹೆಂಡತಿಯೂ ಸೇರಿ ಒಂದು ತೀರ್ಮಾನಕ್ಕೆ ಬಂದೆವು. ಈ ಮನೆಯಲ್ಲಿ ಮಡಿಗೆ ಶತ್ರು ಒಂದೇ, ಅದು ಎರಡು ಅಡಿ ಎತ್ತರವಿದೆ, ಅದಕ್ಕೆ ಝಾಲರಿಯಿದೆ.

ಭಾನುವಾರ ಅತ್ತೆ ಅನ್ನ ಉಣ್ಣಲು ಒಪ್ಪಿದಳು. ಅವತ್ತು ಬೆಳಗಿನಿಂದಲೇ ಮಳೆ ಹಿಡಿದಿತ್ತು. ಗಳದ ಮೇಲೆ ಅತ್ತೆಗೊಂದು, ಹೆಂಡತಿಗೊಂದು, ಎರಡೇ ಸೀರೆ ಒಣಗಿದ್ದವು. ಅವನ್ನು ಕೋಲಿನಿಂದ ಇಳಿಸಿ ಉಟ್ಟ ಮೇಲೆ ಗಳದ ಮೇಲೆ ಇನ್ನೊಂದು ಅವಕಾಶ ಉಳಿದಿರಲಿಲ್ಲ. ಹೆಂಡತಿ ಅಡಿಗೆಮನೆಯ ಹೊಸ್ತಿಲೊಳಗೆ ಸೆರಗನ್ನು ಮೈಗೆ ಬಿಗಿದುಕೊಂಡು ನಿಂತು ನನ್ನನ್ನು ಕರೆದಳು.

"ಕೇಳಿಸ್ತೇನ್ರಿ. ಇಕೀನ್ನ ಕರ್ಕೊಂಡು ಹೋಗ್ರಿ."

"ಎಲ್ಲಿಗೆ?"

"ಎಲ್ಲಿಗ್ಯಾದ್ರೂ. ಅತ್ಯಾರ ಊಟ ಮುಗಿಯೂತನಕ ಈ ಕಡೆ ಹಣಿಕಿ ಸುದ್ದಾ ಹಾಕಬ್ಯಾಡ್ರಿ."

"ಮಳಿ ಹತ್ತೇದಲ್ಲ."

"ಮಳಿ ಹೊರಗ ಹತ್ತೇದ. ನೀವು ಒಳಗ ಎಲ್ಲ್ಯರೆ ಕೂಡ್ರಿ. ಇಷ್ಟು ದೊಡ್ಡ ಪುಣಾದಾಗ ಎರಡು ಮಂದೀಗೆ ಒಂದು ಛಾವಣಿ ಸಿಗೂದಿಲ್ಲೇನು?"

ಪ್ರಶ್ನೆ ನ್ಯಾಯವಾಗಿತ್ತು. ಕೋಟು ತೊಟ್ಟೆ, ಟೊಪ್ಪಿಗೆ ಇಟ್ಟೆ, ಛತ್ರಿ ಹಿಡಿದೆ, ಗುಲಾಬಿ ಬಣ್ಣದ ಫ್ರಾಕು ತೊಟ್ಟ ಶತ್ರುವನ್ನು ಎತ್ತಿಕೊಂಡೆ. ಕಚೇರಿಯಲ್ಲಿ ನನಗೆ ಇದಕ್ಕಿಂತ ಹೆಚ್ಚಿನ ಜವಾಬ್ದಾರಿಯನ್ನು ಯಾವ ಸಾಹೇಬನೂ ಕೊಟ್ಟಿರಲಿಲ್ಲ.

ಮೊದಲ ಛಾವಣಿ ದೂರವಿರಲಿಲ್ಲ. ವಾಡೆಯ ಮುಂಭಾಗದಲ್ಲಿ ಮಾಲಕರ ಪಡಸಾಲೆ, ಅದರಲ್ಲೊಂದು ಹಿತ್ತಾಳೆ ಸರಪಳಿಯ ತೂಗುಮಣೆ. ಮಾಲಕರು ನಿಷ್ಠಾವಂತರು. ಅಂಗಳದಲ್ಲಿ ಏನೇನು ಮಾಡಕೂಡದು ಎಂಬುದನ್ನು ಗೋಡೆಯ ಮೇಲೆ ಸುಣ್ಣದಿಂದ ಬರೆಸಿದ್ದರು. ಗೋಡೆ ಸಾಲದೆ ಕೆಲವನ್ನು ಬಾಯಿಂದ ಹೇಳುತ್ತಿದ್ದರು. ಬಾಯಿಂದ ಹೇಳುವುದರಲ್ಲಿ ಮುಖ್ಯವಾದದ್ದು, ಇರಾಣಿಯ ಅಂಗಡಿಯಲ್ಲಿ ಚಹಾ ಕುಡಿಯುವವರು ಬೇರೆ ಬಿಡಾರ ನೋಡಿಕೊಳ್ಳಬೇಕು ಎಂಬುದು. ಮೂಲೆಯ ಆ ಅಂಗಡಿ ಪೇಠೆಯ ಧರ್ಮವನ್ನು ಬಿಸ್ಕೀಟಿನಂತೆ ಬಿಸಿಬಿಸಿ ಚಹದಲ್ಲಿ ಅದ್ದಿ ತಿನ್ನುತ್ತಿದೆಯೆಂದು ಅವರ ಅಭಿಪ್ರಾಯ.

ಕೂಸನ್ನು ತೂಗುಮಣೆಯ ಮೇಲೆ ಕೂಡಿಸಿದೆ. ಮಳೆಯ ದಿನಕ್ಕೆ ಇದಕ್ಕಿಂತ ಉತ್ತಮ ಸ್ಥಳವಿಲ್ಲವೆಂದುಕೊಳ್ಳುವಷ್ಟರಲ್ಲಿ ಮಾಲಕರು ಶಾಲು ಹೊದ್ದು ಹೊರಬಂದರು. ತಮ್ಮ ಆಸನದ ಮೇಲೆ ಗುಲಾಬಿ ಫ್ರಾಕು ಕಂಡು ನಿಂತರು. ಕೂಸು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಪ್ಪಣೆ ಕೊಟ್ಟಿತು.

"ಕಾಕಾ, ಢಕಲ."

ಅಂದರೆ, ಕಾಕಾ, ನೂಕು. ವಾಡೆಯಲ್ಲಿ ಯಾರೂ ಮಾಲಕರಿಗೆ ಏಕವಚನದಲ್ಲಿ ಏನನ್ನೂ ಹೇಳಿದ್ದಿಲ್ಲ. ಅವರು ಆಶ್ಚರ್ಯದಿಂದಲೇ ಎರಡು ಸಲ ನೂಕಿದರು. ಆಮೇಲೆ ತಮ್ಮ ಕೈಯನ್ನು ತಾವೇ ನೋಡಿಕೊಂಡು, ಶುದ್ಧ ಮರಾಠಿಯಲ್ಲಿ ನನ್ನನ್ನು ವಿಚಾರಿಸಿದರು. ಮನೆಯಲ್ಲಿ ಎಲ್ಲರೂ ಕ್ಷೇಮವೇ, ಅತ್ತೆಯವರ ಪ್ರಕೃತಿ ಹೇಗಿದೆ, ನನಗೆ ಇವತ್ತು ಬೇರೇನೂ ಕೆಲಸವಿಲ್ಲವೇ. ಪುಣೆಯಲ್ಲಿ ಮೂರನೆಯ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ, ಎದ್ದು ಹೊರಡುತ್ತಾರೆ. ಅವರೂ ದೇವರ ದರ್ಶನಕ್ಕೆ ಹೊರಟಿದ್ದರಂತೆ. ಪಡಸಾಲೆಯ ಬಾಗಿಲು ಹಾಕಿಕೊಂಡು, ಭಕ್ತಿಯ ಮುಖ ಮಾಡಿಕೊಂಡು ಅವರು ಮಳೆಯಲ್ಲಿ ನಡೆದರು. ನಾವು ಇನ್ನೊಂದು ದಿಕ್ಕಿಗೆ ನಡೆದೆವು.

ಎರಡನೆಯ ಛಾವಣಿ ವಾಚನಾಲಯದ್ದು. ಇದನ್ನು ನಾನು ಬಹಳ ಯೋಚಿಸಿ ಆರಿಸಿದ್ದೆ. ಅಲ್ಲಿ ಬೆಂಚುಗಳಿವೆ, ಯಾರೂ ಮಾತನಾಡಿಸುವುದಿಲ್ಲ, ಮಳೆಗೆ ಬಂದವನೋ ಜ್ಞಾನಕ್ಕೆ ಬಂದವನೋ ಎಂದು ಕೇಳುವ ಪದ್ಧತಿಯಿಲ್ಲ. ಪಿಂಚಣಿಯ ಹಿರಿಯರು ಉದ್ದನೆಯ ಮೇಜಿನ ಎರಡೂ ಬದಿಗೆ ಕುಳಿತು ಒಂದೇ ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುತ್ತಿದ್ದರು. ಬಾಗಿಲ ಹೊರಗೆ ಒಂದು ಮರದ ಅಡ್ಡಪಟ್ಟಿ, ಅದಕ್ಕೆ ಎಲ್ಲರ ಛತ್ರಿಗಳು ಸಾಲಾಗಿ ತೂಗುತ್ತಿದ್ದವು. ನನ್ನದನ್ನೂ ತೂಗಿಸಿ, ಕೂಸನ್ನು ಕಾಲ ಬಳಿ ಬಿಟ್ಟುಕೊಂಡು, ಯಾರೋ ಓದಿ ಮುಗಿಸಿದ ಒಂದು ಹಾಳೆ ಹಿಡಿದೆ.

ಕೂಸು ಸದ್ದಿಲ್ಲದೆ ಇತ್ತು. ಎರಡು ವರ್ಷದ ಮಕ್ಕಳ ತಂದೆಯಾದವನಿಗೆ ಇದರ ಅರ್ಥ ತಿಳಿದಿರಬೇಕು. ನನಗೂ ತಿಳಿದಿತ್ತು. ಆದರೆ ಆ ಹೊತ್ತಿಗೆ ನಾನು ಯುರೋಪಿನ ರಾಜಕಾರಣದಲ್ಲಿ ಮುಳುಗಿದ್ದೆ.

ಹೋಗಿ ನೋಡಿದರೆ ಅವಳು ಅಷ್ಟೂ ಛತ್ರಿಗಳನ್ನು ಒಂದೊಂದಾಗಿ ಎಳೆದು ಕೆಡವಿ, ನೆಲದ ಮೇಲೆ ಪಕ್ಕಪಕ್ಕಕ್ಕೆ ಮಲಗಿಸಿದ್ದಳು. ಮೇಲೆ ಪತ್ರಿಕೆಯ ಹಾಳೆ ಹೊದಿಸಿ ತಟ್ಟುತ್ತ ಜೋ ಜೋ ಹೇಳುತ್ತಿದ್ದಳು. ದೃಶ್ಯ ಹೃದಯಂಗಮವಾಗಿತ್ತು. ಆದರೆ ಎಲ್ಲ ಛತ್ರಿಗಳೂ ಕಪ್ಪು, ಎಲ್ಲಕ್ಕೂ ಬೆತ್ತದ ಡೊಂಕು ಹಿಡಿಕೆ. ಯಾವುದು ಯಾರದೆಂಬುದು ತೂಗಿಸಿದ ಜಾಗದಿಂದ ಮಾತ್ರ ತಿಳಿಯುವಂಥದು. ಹಿರಿಯರು ಒಬ್ಬೊಬ್ಬರಾಗಿ ಹೊರಬಂದು ಮಲಗಿದ ಛತ್ರಿಗಳ ಸುತ್ತ ನಿಂತರು.

"ನನ್ನದು ಎಡಗಡೆಯಿಂದ ಮೂರನೆಯದು" ಎಂದರು ಕೆಂಪು ಪಗಡಿಯವರೊಬ್ಬರು.

"ಎಡಗಡೆಯೇ ಉಳಿದಿಲ್ಲವಲ್ಲ, ಮೂರನೆಯದೆಲ್ಲಿ" ಎಂದರು ಇನ್ನೊಬ್ಬರು.

ಮುಂದೆ ನಡೆದ ಚರ್ಚೆಯಲ್ಲಿ ತರ್ಕಶಾಸ್ತ್ರದ ಎಲ್ಲ ಪ್ರಮಾಣಗಳೂ ಬಂದುಹೋದವು. ವಿಶೇಷವೇನೆಂದರೆ, ಪ್ರತಿಯೊಬ್ಬರಿಗೂ ತಮ್ಮ ಛತ್ರಿ ಹೊಸದಾಗಿತ್ತೆಂದೇ ನೆನಪು. ಹಳೆಯ ಛತ್ರಿಯ ಒಡೆಯ ಆ ಸಭೆಯಲ್ಲಿ ಒಬ್ಬನೂ ಸಿಗಲಿಲ್ಲ. ಕಡೆಗೆ ವಾಚನಾಲಯದ ಕಾರಕೂನರು ಧೋ ಎಂದು ಸುರಿಯುವ ಮಳೆಯತ್ತ ಕೈಮಾಡಿ, "ಮಳೆ ನಿಂತ ಹಾಗಿದೆ, ನೀವು ಹೊರಡಬಹುದು" ಎಂದು ನನಗೆ ವಿನಯದಿಂದ ತಿಳಿಸಿದರು. ಎಲ್ಲರೂ ಆರಿಸಿಕೊಂಡು ಉಳಿದ ಛತ್ರಿ ನನ್ನ ಪಾಲಿಗೆ ಬಂತು. ಬೀದಿಗಿಳಿದು ಬಿಚ್ಚಿದರೆ ಅದರಲ್ಲಿ ಒಂದು ತೂತು. ಹಿಡಿದವನ ತಲೆ ಎಲ್ಲಿರುತ್ತದೆಂದು ಅಳತೆ ಮಾಡಿಯೇ ಬಿದ್ದ ತೂತು.

ತರಕಾರಿ ಮಂಡಿಯ ದೊಡ್ಡ ಛಾವಣಿಯ ಕೆಳಗೆ ನಿಲ್ಲಬಹುದಿತ್ತು. ಆದರೆ ಹಿಂದಿನ ವಾರ ಅಲ್ಲಿ ನನ್ನ ಮಗಳು ಒಬ್ಬ ಕಾಯಿಪಲ್ಯದವಳ ಬದನೆಕಾಯಿಗಳನ್ನು ಒಂದೊಂದಾಗಿ ಕಚ್ಚಿ ಪರೀಕ್ಷಿಸಿದ್ದಳು. ಆಕೆ ಇನ್ನೂ ಮರೆತಿರಲಾರಳು. ಆದ್ದರಿಂದ ಮೂರನೆಯದಾಗಿ ದೇವಸ್ಥಾನಕ್ಕೆ ಹೋದೆವು.

ಮರದ ಕಂಬಗಳ ಸಭಾಮಂಟಪದಲ್ಲಿ ಶ್ರಾವಣದ ಪುರಾಣ ನಡೆದಿತ್ತು. ಹೆಂಗಸರು ಒಂದು ಕಡೆ ಕೂತು ಕಿವಿಯನ್ನು ಪುರಾಣಕ್ಕೂ ಕೈಯನ್ನು ಹತ್ತಿಗೂ ಕೊಟ್ಟು ಹೂಬತ್ತಿ ಹೊಸೆಯುತ್ತಿದ್ದರು. ಮಾಲಕರು ದರ್ಶನಕ್ಕೆ ಬಂದಿರಬಹುದೆಂದು ನೋಡಿದೆ, ಕಾಣಲಿಲ್ಲ. ಕೂಸು ಹೆಂಗಸರ ನಡುವೆ ಹೊಕ್ಕು ಅಂಗೈಯಷ್ಟು ಹತ್ತಿ ಸಂಪಾದಿಸಿ, ಮೂಗಿನ ಕೆಳಗೆ ಮೀಸೆಯಾಗಿ ಇಟ್ಟುಕೊಂಡು ಗಂಭೀರವಾಗಿ ಕುಳಿತಿತು. ಪುರಾಣಿಕರು ಒಬ್ಬ ರಾಜನನ್ನು ಕಾಡಿಗೆ ಕಳಿಸುತ್ತಿದ್ದರು. ನಾವು ಹೋಗುವ ಮೊದಲೇ ಅವನು ಹೊರಟಿದ್ದ. ಬಹಳ ಹೊತ್ತಾದರೂ ಅರಮನೆಯ ಹೊಸ್ತಿಲು ದಾಟಿರಲಿಲ್ಲ. ರಾಣಿ ಅತ್ತಳು, ಮಂತ್ರಿ ಅತ್ತ, ಆನೆ ಅತ್ತಿತು. ಕುದುರೆಗಳ ಸರದಿ ಬರುವ ಮೊದಲು ಪುರಾಣಿಕರು ಉಸಿರೆಳೆದು, ಕಣ್ಣು ಮುಚ್ಚಿ, ಗದ್ಗದ ಕಂಠದಿಂದ ಸಭೆಯನ್ನು ಕೇಳಿದರು.

"ಆತಾ ಪುಢೇ ಕಾಯ್ ಸಾಂಗೂ?"

ಇನ್ನು ಮುಂದೆ ಏನು ಹೇಳಲಿ ಎಂದು ಪುರಾಣಿಕರು ಕೇಳುವುದು ರೂಢಿ. ಇದಕ್ಕೆ ಯಾರೂ ಉತ್ತರ ಕೊಡಕೂಡದೆಂಬುದೂ ರೂಢಿ. ಮೀಸೆ ಇಟ್ಟುಕೊಂಡ ನನ್ನ ಮಗಳು ತಟ್ಟೆಗೆ ಅನ್ನ ಹೆಚ್ಚಾದಾಗ ಹೇಳುವ ದನಿಯಲ್ಲಿ ಹೇಳಿದಳು.

"ಪುರೇ."

ಸಾಕು, ಎಂದರ್ಥ. ಹೆಂಗಸರ ಸೆರಗುಗಳೆಲ್ಲ ಒಮ್ಮೆಗೇ ಬಾಯಿಗೆ ಹೋದವು. ಹಿಂದಿನ ಕಂಬಕ್ಕೆ ಒರಗಿದ್ದ ಮುದುಕರೊಬ್ಬರು, "ಇಷ್ಟು ವರ್ಷ ನಮಗೆ ಧೈರ್ಯ ಬಂದಿರಲಿಲ್ಲ" ಎಂದು ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು. ಪುರಾಣಿಕರು ಕಣ್ಣು ತೆರೆದು, ಈ ಮಗುವಿನ ತಂದೆ ಯಾರು ಎಂಬಂತೆ ಸಭೆಯನ್ನೆಲ್ಲ ನೋಡಿದರು. ಎಲ್ಲರಂತೆ ನಾನೂ ಸುತ್ತ ನೋಡಿದೆ. ಮಗಳು ಮೀಸೆ ತೆಗೆದು ನನ್ನತ್ತ ಬೆರಳು ಚಾಚಿ, "ಅಪ್ಪಾ, ಮನಿಗೆ" ಎಂದಳು.

ಮನೆಗೆ ಹೋಗುವುದೊಂದನ್ನು ಬಿಟ್ಟು ಜಗತ್ತಿನ ಬೇರೆ ಯಾವ ಕಡೆಗಾದರೂ ನಾವು ಹೋಗಬಹುದಿತ್ತು. ಅತ್ತೆಯ ಎಲೆ ಹಾಕಲು ಇನ್ನೂ ಹೊತ್ತಿತ್ತು. ತೂತು ಛತ್ರಿಯ ಕೆಳಗೆ ನಿಂತು ಯೋಚಿಸುತ್ತಿರುವಾಗ ಒಂದು ಟಾಂಗಾ ಪಕ್ಕದಲ್ಲೇ ಹಾದು ಹೊಂಡದ ನೀರನ್ನು ನಮ್ಮ ಮೇಲೆ ಎತ್ತಿ ಹಾಕಿತು. ನಾನು ಅರ್ಧ ನೆನೆದೆ. ಕೂಸು ಝಾಲರಿಯಿಂದ ಕೊರಳವರೆಗೆ ಕೆಸರಾಗಿ, ಪರಮಾನಂದದಿಂದ "ಮತ್ತ ಮಾಡು" ಎಂದು ಟಾಂಗಾದವನನ್ನು ಕೂಗಿತು.

ಹಲ್ಲು ಕಟಕಟ ಎನ್ನುವ ಕೂಸನ್ನು ಎಲ್ಲಾದರೂ ಬೆಚ್ಚಗೆ ಇಡಬೇಕಿತ್ತು. ಎದುರಿಗೆ ಬೆಚ್ಚಗಿನ ಜಾಗ ಒಂದೇ ಇತ್ತು. ಅದು ಮೂಲೆಯ ಇರಾಣಿಯ ಅಂಗಡಿ. ನಾನು ಬಾಗಿಲ ಹೊರಗೇ ನಿಂತು ಧರ್ಮವನ್ನೂ ನೆಗಡಿಯನ್ನೂ ತಕ್ಕಡಿಯಲ್ಲಿ ಇಟ್ಟು ತೂಗುತ್ತಿದ್ದೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಇರಾಣಿ ಅದನ್ನು ನೋಡಿ ತನ್ನ ಹಿಂದೂಸ್ತಾನಿಯಲ್ಲಿ ಗದರಿದ.

"ಬಚ್ಚೀ ಭೀಗ್ ಗಯೀ. ಅಂದರ್ ಲಾವ್ ನಾ, ಬಾಬಾ."

ಕೂಸು ನೆನೆದಿದೆ, ಒಳಗೆ ತಾ ಎಂದ ಮೇಲೆ ಒಳಗೆ ಹೋದೆ. ಭಟ್ಟಿಯ ಬಿಸಿ ಗೋಡೆಯ ಪಕ್ಕದ ಕುರ್ಚಿಯ ಬೆನ್ನಿಗೆ ಫ್ರಾಕನ್ನು ಒಣಹಾಕಿದರು. ನನ್ನ ಮಗಳು ಹುಟ್ಟಿದ ಉಡುಗೆಯಲ್ಲಿ ಅಮೃತಶಿಲೆಯ ಮೇಜಿನ ಮೇಲೆ ವಿರಾಜಮಾನಳಾದಳು. ಗೋಡೆಯ ತುಂಬ ಒಂದು ಕನ್ನಡಿ. ಕೈಗೆ ಬಂದ ಬಿಸ್ಕೀಟನ್ನು ಒಂದು ಸಲ ತಾನು ಕಚ್ಚುವಳು, ಒಂದು ಸಲ ಕನ್ನಡಿಯ ಕೂಸಿಗೆ ಕೊಡುವಳು, ಅದು ತಿನ್ನದಿದ್ದುದಕ್ಕೆ ಅದನ್ನೂ ತಾನೇ ತಿನ್ನುವಳು. ಮಳೆಯ ದಿನ ಸಣ್ಣ ಮಕ್ಕಳನ್ನು ಕೂಡಿಸಲು ಇದಕ್ಕಿಂತ ಪ್ರಶಸ್ತವಾದ ಸ್ಥಳ ಭೂಮಂಡಲದಲ್ಲಿ ಇಲ್ಲವೆಂದು ನಾನು ಅಂದೇ ಕಂಡುಕೊಂಡೆ. ದುರ್ದೈವದಿಂದ ಈ ಮಾತನ್ನು ಬಹಳ ವರ್ಷ ಯಾರಿಗೂ ಹೇಳುವಂತಿರಲಿಲ್ಲ.

ಅಷ್ಟರಲ್ಲಿ ಅವಳು ಕನ್ನಡಿಯೊಳಗೆ ಇನ್ನೇನನ್ನೋ ಕಂಡು ಬಿಸ್ಕೀಟು ಹಿಡಿದ ಕೈಯನ್ನು ಅತ್ತ ಚಾಚಿದಳು.

"ಕಾಕಾ, ಢಕಲ."

ನಮ್ಮ ಹಿಂದಿನ ಮೇಜಿನಲ್ಲಿ ಅಗಲವಾಗಿ ಬಿಚ್ಚಿ ಹಿಡಿದಿದ್ದ ಪತ್ರಿಕೆಯೊಂದು ನಡುಗಿತು. ಅದು ಮೆಲ್ಲನೆ ಇಳಿಯಿತು. ಹಿಂದೆ ನಮ್ಮ ಮಾಲಕರು. ಮುಂದೆ ಚಹದ ಕಪ್ಪು. ಕೆಳಗಿನ ಬಸಿಗೆ ಸುರಿದ ಚಹದಲ್ಲಿ ಅರ್ಧ ಮುಳುಗಿದ ಬಿಸ್ಕೀಟು.

ಇಂಥ ಪ್ರಸಂಗದಲ್ಲಿ ಸಭ್ಯರು ಏನು ಮಾತನಾಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನಾನೇ ಆರಂಭಿಸಿದೆ.

"ದರ್ಶನ ಆಯಿತೇ?"

"ಭಾರೀ ಗರ್ದಿ ಇತ್ತು" ಎಂದರು. ಸ್ವಲ್ಪ ತಡೆದು, "ನೀವು ಇಲ್ಲಿ?"

"ಮಳೆ."

"ಹೌದು, ಮಳೆ" ಎಂದರು ಅವರು, ಆ ಶಬ್ದ ಸಿಕ್ಕಿದ್ದಕ್ಕೆ ಕೃತಜ್ಞರಾಗಿ.

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಸುಖಾಂತವಾಗುತ್ತಿತ್ತು. ಆದರೆ ಅವರಿಗೆ ನನ್ನ ಮೇಲೆ ಒಮ್ಮೆಗೇ ಅಕ್ಕರೆ ಉಕ್ಕಿತು. ಟಾಂಗಾ ತರಿಸಿದ್ದೇನೆ, ನನ್ನೊಡನೆಯೇ ಮನೆಗೆ ಬನ್ನಿ, ಕೂಸು ನೆನೆಯಬಾರದು ಎಂದರು. ಬೇಡವೆಂದೆ. ಅತ್ತೆಯ ಊಟ ಮುಗಿದಿರಲಿಲ್ಲ, ಹೋಗುವಂತಿರಲಿಲ್ಲ. ಆದರೆ ಮಡಿಗಾಗಿ ಮನೆ ಬಿಟ್ಟು ಬಂದವನು ಇರಾಣಿಯ ಅಂಗಡಿಯಲ್ಲಿ ಕುಳಿತು ಅದನ್ನು ವಿವರಿಸುವುದು ಹೇಗೆ? ಸುಮ್ಮನೆ, ನೀವು ಮುಂದೆ ನಡೆಯಿರಿ ಎಂದೆ. ಅವರ ಮುಖ ಬಿಳುಪೇರಿತು. ನಾನು ಹಿಂದುಳಿದು ಪೇಠೆಯ ತುಂಬ ಸುದ್ದಿ ಹಂಚುತ್ತ ಬರುವವನೆಂದು ತಿಳಿದರೋ ಏನೋ. ನಾನು ಬೇಡವೆಂದಷ್ಟೂ ಅವರ ಅಕ್ಕರೆ ಹೆಚ್ಚಿತು. ಕಡೆಗೆ ಕೂಸನ್ನು ತಾವೇ ಎತ್ತಿ ನನ್ನ ಕೋಟಿನಲ್ಲಿ ಸುತ್ತಿ ಟಾಂಗಾದಲ್ಲಿ ಕೂಡಿಸಿದರು. ಹಸಿ ಫ್ರಾಕನ್ನೂ ತಾವೇ ಮಡಿಸಿ ಇಟ್ಟುಕೊಂಡರು. ಮಾಲಕರು ಬಾಡಿಗೆಯವನ ಮಗಳ ಫ್ರಾಕು ಮಡಿಸಿದ್ದು ಆ ಪೇಠೆಯ ಇತಿಹಾಸದಲ್ಲಿ ಅದೇ ಮೊದಲು.

ವಾಡೆಗೆ ಬಂದಾಗ ಮೇಲಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಮೆಟ್ಟಿಲ ಬುಡದಲ್ಲೇ ನಿಂತಿರೋಣವೆಂದು ಕೂಸನ್ನು ಬಿಗಿಯಾಗಿ ಹಿಡಿದೆ. ಹಿಡಿದದ್ದು ಕೋಟನ್ನು. ಸಿಪ್ಪೆಯಿಂದ ಬಾಳೆಹಣ್ಣು ಜಾರುವಂತೆ ಕೂಸು ಕೆಳಗಿನಿಂದ ಜಾರಿ, ಎರಡು ಕೈ ಎರಡು ಕಾಲಿನ ಮೇಲೆ ಮೆಟ್ಟಿಲು ಹತ್ತಿ ನಡೆದೇಬಿಟ್ಟಿತು. ಖಾಲಿ ಕೋಟು ಹಿಡಿದು ನಾನು ಹಿಂದೆ ಓಡಿದೆ.

ಅಡಿಗೆಮನೆಯಲ್ಲಿ ಅತ್ತೆ ಆಗಷ್ಟೇ ಎಲೆಯ ಮುಂದೆ ಕುಳಿತಿದ್ದಳು. ಉಪ್ಪು, ಕೋಸಂಬರಿ, ಪಲ್ಯ ಬಡಿಸಿಯಾಗಿತ್ತು. ಹೆಂಡತಿ ಅನ್ನದ ಹುಟ್ಟು ಎತ್ತಿದ್ದಳು. ಕೂಸು ನೇರವಾಗಿ ಹೋಗಿ ಅತ್ತೆಯ ತೊಡೆಯ ಮೇಲೆ ಕುಳಿತು, ಅವಳ ಮಡಿ ಸೆರಗನ್ನು ಎರಡೂ ಕೈಯಿಂದ ಹಿಡಿದು ಮುಖ ಒರೆಸಿಕೊಂಡಿತು.

ಹುಟ್ಟು ಗಾಳಿಯಲ್ಲೇ ನಿಂತಿತು. ಹೆಂಡತಿಯ ಕಣ್ಣಲ್ಲಿ ಧಾರವಾಡದ ಹೊಗೆ ಆಗಲೇ ತುಂಬತೊಡಗಿತ್ತು. ನನ್ನ ನಾಲಗೆಗೆ ಖಾನಾವಳಿಯ ನೀರು ಸಾರು ತಾಗಿದ ಹಾಗಾಯಿತು. ಗಳದ ಮೇಲೆ ನೋಡಿದೆ, ಹನಿ ಉದುರುತ್ತಿತ್ತು.

"ಯಾಕ, ಕೈ ಯಾಕ ನಿಂತ್ವು?" ಎಂದಳು ಅತ್ತೆ. "ಅನ್ನ ಹಾಕವಾ, ಆರ್ತದ."

ಹೆಂಡತಿ ಹುಟ್ಟಿನಿಂದಲೇ ಕೂಸನ್ನು ತೋರಿಸಿದಳು. "ಕೂಸು... ಮುಟ್ಟಿತಲ್ರೀ ಅತ್ಯಾರ."

"ಮುಟ್ಟಿದ್ರ ಏನಾತು? ಮೈಮ್ಯಾಲೆ ಒಂದು ಎಳಿ ಅರಿವಿ ಅದ ಏನು ನೋಡು. ಬತ್ತಲೆ ಕೂಸಿಗೆ ಎಲ್ಲೀದು ಮೈಲಿಗಿ?"

"ಮತ್ತ ಅವತ್ತು ನೀವs ಹಿಂದ ಜಿಗದ್ರಿ..."

"ಆ ಝಾಲರಿ ಅಂಗೀ ಸಲುವಾಗಿ ಜಿಗದೆ. ಅದು ಎಲ್ಲೆಲ್ಲಿ ಹೊಳ್ಳ್ಯಾಡಿ ಬಂದಿರ್ತದೋ ಏನೋ. ನಾ ಅಂಗಿಗೆ ಅಂದೆ, ಕೂಸಿಗೆ ಅಂದೆನೇನು? ಏನೋ, ನಿನಗಾದ್ರೂ ನೆನಪಿಲ್ಲೇನು? ನೀ ಮೂರು ವರ್ಷದಾಂವ ಆಗೂತನಕ ನಮ್ಮ ಅಡಿಗಿಮನ್ಯಾಗ ದಿಗಂಬರನs ಓಡ್ಯಾಡಿದಿ."

ನನಗೆ ನೆನಪಿರಲಿಲ್ಲ. ಇದ್ದಿದ್ದರೂ ಅದನ್ನು ಶಾಸ್ತ್ರವೆಂದು ತಿಳಿಯುತ್ತಿರಲಿಲ್ಲ, ಬಡತನವೆಂದು ತಿಳಿಯುತ್ತಿದ್ದೆ. ಪುಣೆಯ ನಾಗರಿಕತೆಗೆ ಬಿದ್ದು ನಾವಿಬ್ಬರೂ ಕೂಸಿಗೆ ಹಗಲೂ ರಾತ್ರಿ ಅಂಗಿ ತೊಡಿಸಿದ್ದೆವು. ಬಿಚ್ಚಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅಷ್ಟು ಛತ್ರಿಗಳೂ ಒಬ್ಬ ರಾಜನೂ ನಿಷ್ಕಾರಣ ಕಷ್ಟಪಟ್ಟಿದ್ದರು.

"ಈ ಮಳ್ಯಾಗ ಎಲ್ಲಿಗೆ ಒಯ್ದಿದ್ದಿ ಇದನ್ನ?" ಅತ್ತೆ ಕೇಳಿದಳು.

"ಗುಡಿಗೆ" ಎಂದೆ. ಅದು ಸತ್ಯವೇ ಆಗಿತ್ತು.

ಅತ್ತೆ ಕೂಸಿನ ತುಟಿಯ ಮೂಲೆಯಿಂದ ಒಂದು ಚೂರನ್ನು ಬೆರಳ ತುದಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. "ಇದೇನಿದು, ಬಾಯಿಗೆ ಹತ್ತೇದಲ್ಲ?"

ಕೂಸು ಬಾಯಿ ತೆರೆಯಿತು. ಅವಳಿಗೆ ಆ ಶಬ್ದ ಚೆನ್ನಾಗಿ ಬರುತ್ತಿತ್ತು. "ಬಿ..." ಎಂದಳು.

"ಪ್ರಸಾದ."

ತುಂಬುದನಿಯಲ್ಲಿ ಹೇಳಿದವರು ಮಾಲಕರು. ಫ್ರಾಕು ಕೊಡಲೆಂದು ಮೇಲೆ ಬಂದು ಹೊರಬಾಗಿಲಲ್ಲಿ ನಿಂತಿದ್ದರು. ಹಣೆಯ ಮೇಲೆ ಗಂಧ, ಹೆಗಲ ಮೇಲೆ ಶಾಲು, ಮುಖದ ಮೇಲೆ ದೇವಸ್ಥಾನವೇ ನಡೆದು ಬಂದ ಕಳೆ. "ದೇವಳಾತ್ಲಾ ಪ್ರಸಾದ" ಎಂದು ಮತ್ತೊಮ್ಮೆ ದೃಢಪಡಿಸಿದರು. ಗುಡಿಯದು ಎಂದು ಅತ್ತೆಗೆ ತಿಳಿಯಲು ಮರಾಠಿ ಬೇಕಾಗಿರಲಿಲ್ಲ. ಅವಳು ಆ ಚೂರನ್ನು ಭಕ್ತಿಯಿಂದ ಎರಡೂ ಕಣ್ಣಿಗೆ ಒತ್ತಿಕೊಂಡು, ಕೂಸಿನ ತೆರೆದ ಬಾಯಲ್ಲಿ ಹಾಕಿ ಮುಚ್ಚಿದಳು. ಮಾಲಕರು ಕಣ್ಣು ಮುಚ್ಚಿ ಕೈಮುಗಿದರು. ನಾನೂ ಮುಗಿದೆ. ಆ ಇರಾಣಿಯ ಭಟ್ಟಿಗೆ ಅಷ್ಟು ನಮಸ್ಕಾರ ಹಿಂದೆಂದೂ ಸಂದಿರಲಾರದು.

ಅತ್ತೆ ಉಂಡಳು. ಸಾರಿಗೆ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಹುಳಿಗೆ ಉಪ್ಪು ಒಂದು ಹರಳು ಕಡಿಮೆಯೆಂದಳು. ಹೆಂಡತಿಗೆ ಅದೇ ಆಶೀರ್ವಾದದಂತೆ ಕೇಳಿಸಿತು, ಯಾಕೆಂದರೆ ಅತ್ತೆ ತಪ್ಪು ಹುಡುಕುವುದು ತನ್ನದೆಂದುಕೊಂಡ ಅಡಿಗೆಯಲ್ಲಿ ಮಾತ್ರ. ಕೈ ತೊಳೆದು ಬಂದು ಮಣೆಯ ಮೇಲೆ ಕುಳಿತು ತೀರ್ಪು ಕೊಟ್ಟಳು.

"ಛಲೋ ನಡಸೀಯವಾ. ಧಾರವಾಡದ ಮಾತು ಬಿಡು. ನೀ ಇಲ್ಲೇ ಇರು."

ಹೆಂಡತಿ ನಮಸ್ಕಾರಕ್ಕೆ ಬಗ್ಗಿದಳು. ಬಗ್ಗಿದವಳು ಮೇಲೇಳುವ ಮೊದಲೇ ಅತ್ತೆ ಮಾತು ಮುಗಿಸಿದಳು.

"ಇಷ್ಟು ಛಲೋ ಮಡಿ ನಡಿಯೂ ಮನೀ ಬಿಟ್ಟು ನಾನರೆ ಯಾಕ ಹೋಗ್ಲಿ? ಕಾರ್ತೀಕ ಮುಗಿಯೂತನಕ ಇರ್ತೀನಿ."

ಬಗ್ಗಿದ ಹೆಂಡತಿ ಎದ್ದಾಗ ಅವಳ ಮುಖದಲ್ಲಿದ್ದ ಭಾವಕ್ಕೆ ಹೆಸರು ಕೊಡುವ ಸಾಹಸ ನಾನು ಮಾಡುವುದಿಲ್ಲ. "ಭಾಳ ಸಂತೋಷಾತ್ರೀ" ಎಂದಳು. ನಮ್ಮ ಒಂದೂವರೆ ಕೋಣೆ ಕಾರ್ತೀಕದವರೆಗೆ ಅರ್ಧಕ್ಕೆ ಇಳಿಯಿತು.

ಅಂದಿನಿಂದ ಅತ್ತೆಯ ಆಜ್ಞೆಯಂತೆ ಕೂಸು ಮನೆಯಲ್ಲಿ ಬರಿಮೈಯಲ್ಲಿರತೊಡಗಿತು. ಫ್ರಾಕುಗಳು ಗೂಟಕ್ಕೆ ಹೋದವು, ಹೊರಗೆ ಹೋಗುವಾಗ ಮಾತ್ರ ಇಳಿದವು. ಮಡಿ ನಿರಾತಂಕವಾಯಿತು. ಇನ್ನು ಮಳೆಯ ಭಾನುವಾರಗಳಲ್ಲಿ ನಾನು ಕಾಲು ಚಾಚಿ ಮಲಗಬಹುದೆಂದು ಲೆಕ್ಕ ಹಾಕಿದೆ. ಈ ಲೆಕ್ಕದಲ್ಲಿ ನನ್ನ ಮಗಳನ್ನು ಹಿಡಿದಿರಲಿಲ್ಲ. ಅವಳು ತೂಗುಮಣೆ, ಛತ್ರಿ, ಹತ್ತಿ, ಕನ್ನಡಿಗಳನ್ನು ಒಮ್ಮೆ ಕಂಡವಳು. ಅಂಗಿ ಬಿಚ್ಚಿದರೆ ಒಳಗೆ, ತೊಟ್ಟರೆ ಹೊರಗೆ ಎಂಬುದನ್ನು ಅವಳು ನಾಲ್ಕು ದಿನದಲ್ಲಿ ತಿಳಿದುಕೊಂಡಳು. ಅಂಗಿ ತೊಟ್ಟ ಕೂಸು ಒಲೆಯ ಕಡೆ ಹೋದರೆ ಇಡೀ ಮನೆ ಏಳುತ್ತದೆಂಬುದನ್ನು ಐದನೆಯ ದಿನ.

ಮುಂದಿನ ಭಾನುವಾರ ಮಳೆ ಶುರುವಾದ ಹೊತ್ತಿಗೆ, ಅತ್ತೆ ಮಡಿಯುಟ್ಟು ಜಪಕ್ಕೆ ಕುಳಿತಿದ್ದಳು, ಹೆಂಡತಿ ಮಡಿಯುಟ್ಟು ಬೇಳೆ ತೊಳೆಯುತ್ತಿದ್ದಳು, ನಾನು ಚಾಪೆಯ ಮೇಲೆ ಕಾಲು ಚಾಚಿದ್ದೆ. ಗೂಟದ ಕೆಳಗಿನ ಪೆಟ್ಟಿಗೆ ಹತ್ತಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಗುಲಾಬಿ ಫ್ರಾಕು ತಾನೇ ನಡೆದು ಬಂತು. ತಲೆ ಕೊರಳಿನಲ್ಲಿ ಅರ್ಧ ಸಿಕ್ಕಿಕೊಂಡಿತ್ತು, ಒಂದು ಕೈ ತೋಳಿನಿಂದ ಹೊರಗೆ, ಇನ್ನೊಂದು ಎಲ್ಲಿಯೋ ಒಳಗೆ. ಅದು ನನ್ನನ್ನು ದಾಟಿ ಅಡಿಗೆಮನೆಯ ಕಡೆ ನಡೆಯಿತು.

"ಅಂಗಿ ಹಾಕ್ಕೊಂಡು ಬಂತು ನೋಡ್ರ್ಯೋ" ಎಂದಳು ಅತ್ತೆ ಒಳಗಿನಿಂದ, ಮಣೆ ಸಮೇತ ಹಿಂದೆ ಸರಿಯುತ್ತ. "ಹಿಡೀರಿ ಅದನ್ನ."

"ಕೇಳಿಸ್ತೇನ್ರಿ" ಎಂದಳು ಹೆಂಡತಿ.

ಕೂಸು ಹೊಸ್ತಿಲ ಹತ್ತಿರ ಬಂದು ನಿಂತಿತು. ಒಂದು ಕಾಲನ್ನು ಒಳಗಿಡಲು ಎತ್ತಿ, ಹಾಗೆಯೇ ಹಿಡಿದು, ಕೊರಳಿನ ಸಂದಿಯಿಂದ ಒಂದೇ ಕಣ್ಣು ಹೊರಹಾಕಿ ನನ್ನತ್ತ ನೋಡಿತು. ನಾನು ಎದ್ದು ಟೊಪ್ಪಿಗೆ ಹುಡುಕಿದೆ.